ಟೈಯರೋವಾ ಭೂಶಿರದ ಆಲ್ಬಟ್ರಾಸ್: ಗಾಳಿ ನೋಡಿಕೊಂಡು ಟಿಕೆಟ್ ಕೊಳ್ಳಿ

ನ್ಯೂಜಿಲೆಂಡಿನ ಡನೀಡನ್ ನಗರದಿಂದ ಟೈಯರೋವಾ ಭೂಶಿರಕ್ಕೆ ಹೋಗಿ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳನ್ನು ನೋಡಿಬರಲು ವ್ಯಾನ್ ಪ್ರವಾಸಕ್ಕೆ ನಾವು ಕೊಟ್ಟ ಹಣದ ಬಹುಭಾಗ ವ್ಯರ್ಥವಾಯಿತು. ಚಾಲಕರೇ ಮಾರ್ಗದರ್ಶಿಯೂ ಆಗಿದ್ದರು. ಬಂದರಿನ ಮೇಲೆ ಹಾರಿದ ದೊಡ್ಡ ಬಿಳಿ ಹಕ್ಕಿಗಳನ್ನೆಲ್ಲ ಅವರು ಆಲ್ಬಟ್ರಾಸ್ ಎಂದೇ ತೋರಿಸಿದರು. ಅವುಗಳಲ್ಲಿ ಹೆಚ್ಚಿನವು ಅಲ್ಲಿ ಎಲ್ಲೆಲ್ಲೂ ಕಾಣುವ, ಕಪ್ಪು ಬೆನ್ನಿನ ಗಲ್ ಹಕ್ಕಿಗಳು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನಮ್ಮನ್ನು ಭೂಶಿರದಲ್ಲಿ ಇಳಿಸಿದ್ದು ಎಲೆಯೂ ಅಲುಗದ ಬೆಳಗಿನ ಹೊತ್ತಿನಲ್ಲಿ. ಗಾಳಿಯಿಲ್ಲದಾಗ ಆಲ್ಬಟ್ರಾಸ್ ಹಾರುವುದು ತೀರಾ ಕಡಿಮೆ ಎಂಬುದನ್ನು ಟಿಕೆಟ್ ಮಾರಿದವರು ಹೇಳಿರಲಿಲ್ಲ.

ಮುಂದೆ ಬಾಡಿಗೆ ಕಾರಿನಲ್ಲಿ, ಜೋರು ಗಾಳಿ ಬೀಸುತ್ತಿದ್ದ ಮಧ್ಯಾಹ್ನದ ನಂತರ ಹೋದಾಗ ಅದೇ ಜಾಗ ಬೇರೆಯೇ ಆಗಿತ್ತು. ಸುಮಾರು ಮೂರು ಮೀಟರ್ ಅಗಲಕ್ಕೆ ಚಾಚಿಕೊಳ್ಳುವ ಈ ಹಕ್ಕಿಯ ರೆಕ್ಕೆಗಳು ಉದ್ದವಾಗಿಯೂ ಕಿರಿದಾಗಿಯೂ ಇದ್ದು, ಚಾಚಿದ ರೆಕ್ಕೆಯನ್ನು ಭುಜದಲ್ಲಿರುವ ಸ್ನಾಯುರಜ್ಜು ಹಾಗೆಯೇ ಬಿಗಿಹಿಡಿಯುವುದರಿಂದ ಅದಕ್ಕೆ ಹೆಚ್ಚು ಶ್ರಮವಿಲ್ಲ. ಅಲೆಗಳ ಸಮೀಪ ಗಾಳಿ ನಿಧಾನ, ಮೇಲೆ ವೇಗ. ಈ ವ್ಯತ್ಯಾಸದಿಂದಲೇ ಶಕ್ತಿ ಪಡೆದು, ಏರುತ್ತ ಇಳಿಯುತ್ತ ರೆಕ್ಕೆ ಬಡಿಯದೆ ದೂರ ಸಾಗುತ್ತದೆ. ಗುರುತಿಸುವ ಮೊದಲ ಸೂತ್ರವೂ ಇದೇ: ಪದೇ ಪದೇ ರೆಕ್ಕೆ ಬಡಿಯುವುದು ಗಲ್; ಮರದ ಹಲಗೆಯಂತೆ ಬಿಗಿಯಾದ ರೆಕ್ಕೆಯಲ್ಲಿ ತೇಲಿಬರುವುದು ಆಲ್ಬಟ್ರಾಸ್.

ಇಲ್ಲಿ ಗೂಡು ಕಟ್ಟುವುದು ನಾರ್ದರ್ನ್ ರಾಯಲ್ ಆಲ್ಬಟ್ರಾಸ್. ಮಾವೋರಿ ಜನ ಇದನ್ನು ಟೊರೊವಾ ಎನ್ನುತ್ತಾರೆ. ಮೈ ಮತ್ತು ಬೆನ್ನು ಬಿಳಿ, ರೆಕ್ಕೆಯ ಮೇಲ್ಭಾಗ ಮಾತ್ರ ಬುಡದಿಂದ ತುದಿಯವರೆಗೆ ಪೂರ್ತಿ ಕಪ್ಪು. ಹತ್ತಿರದ ಸಂಬಂಧಿಯಾದ ಸದರ್ನ್ ರಾಯಲ್‌ನಲ್ಲಿ ವಯಸ್ಸಾದಂತೆ ರೆಕ್ಕೆಯ ಮುಂದಂಚಿನಿಂದ ಬಿಳಿ ಬಣ್ಣ ಹರಡುತ್ತದೆ. ದುರ್ಬೀನು ಒಯ್ದವರು ಕೊಕ್ಕನ್ನೂ ಗಮನಿಸಬೇಕು: ರಾಯಲ್ ಜಾತಿಗಳ ಮೇಲ್ಕೊಕ್ಕಿನ ಅಂಚಿನಲ್ಲಿ ಕಪ್ಪು ಗೆರೆಯಿರುತ್ತದೆ, ವಾಂಡರಿಂಗ್ ಆಲ್ಬಟ್ರಾಸ್‌ನಲ್ಲಿ ಅದಿಲ್ಲ. ದೋಣಿಯಲ್ಲಿ ಭೂಶಿರದ ಹೊರಗಿನ ಕಡಲಿಗೆ ಹೋದರೆ ಚಿಕ್ಕ ಗಾತ್ರದ ಆಲ್ಬಟ್ರಾಸ್‌ಗಳಾದ ಮಾಲಿಮಾಕ್‌ಗಳೂ ಎದುರಾಗುತ್ತವೆ. ಅವುಗಳ ಬೆನ್ನು ಕೂಡ ಕಪ್ಪಾಗಿರುವುದರಿಂದ ಎರಡೂ ರೆಕ್ಕೆಗಳ ಕಪ್ಪು ಒಂದಾಗಿ ಕೂಡಿಕೊಂಡಂತೆ ಕಾಣುತ್ತದೆ.

ಮನುಷ್ಯರು ವಾಸಿಸುವ ಮುಖ್ಯಭೂಮಿಗೆ ಅಂಟಿಕೊಂಡಂತೆ ರಾಯಲ್ ಆಲ್ಬಟ್ರಾಸ್ ಮರಿ ಮಾಡುವ ಜಾಗ ಇದೊಂದೇ. ಈ ಜಾತಿಯ ಉಳಿದ ಹಕ್ಕಿಗಳೆಲ್ಲ ಹೆಚ್ಚುಕಡಿಮೆ ದೂರದ ಚಾಟಮ್ ದ್ವೀಪಗಳಲ್ಲಿವೆ. ಜನರ ಮತ್ತು ನಾಯಿಗಳ ಕಾಟದಿಂದ ಇಲ್ಲಿನ ಗೂಡುಗಳು ಹಾಳಾಗುತ್ತಿದ್ದ ಕಾಲದಲ್ಲಿ ಲ್ಯಾನ್ಸ್ ರಿಚ್‌ಡೇಲ್ ಎಂಬವರು ಕಾವಲು ಕಾದುದರಿಂದ 1938ರಲ್ಲಿ ಮೊದಲ ಮರಿ ಹಾರಿತು. ಗಾಜಿನ ವೀಕ್ಷಣಾಲಯಕ್ಕೆ ಇಂದು ಅವರದೇ ಹೆಸರಿದೆ. ಇಡುವುದು ಒಂದೇ ಮೊಟ್ಟೆ. ಗಂಡುಹೆಣ್ಣು ಸರದಿಯಲ್ಲಿ ಹನ್ನೊಂದು ವಾರ ಕಾವು ಕೊಡುತ್ತವೆ, ಮರಿ ಹಾರಲು ಸುಮಾರು ಎಂಟು ತಿಂಗಳು ಬೇಕು. ಹೀಗಾಗಿ ಮರಿ ಬೆಳೆಸಿದ ಜೋಡಿ ಮುಂದಿನ ವರ್ಷವಿಡೀ ಕಡಲಲ್ಲೇ ಕಳೆಯುತ್ತದೆ. ಒಂದು ಮೊಟ್ಟೆ ಕೆಟ್ಟರೆ ಆಗುವ ನಷ್ಟ ಎಷ್ಟೆಂಬುದನ್ನು ಅರಿತವರು ಅಲ್ಲಿ ಗಟ್ಟಿಯಾಗಿ ಮಾತನಾಡಲಾರರು. ವೀಕ್ಷಣಾಲಯದೊಳಗೆ ಇಕ್ಕಟ್ಟು ಹೆಚ್ಚು. ಗುಂಪು ಸಹಿಸದವರು ವಾಹನ ನಿಲ್ದಾಣದ ಬಳಿಯ ಬಂಡೆಯಂಚಿನಿಂದ ಹಾರಾಟವನ್ನು ಹಣ ಕೊಡದೆಯೇ ನೋಡಬಹುದು. ನನಗೆ ಹೆಚ್ಚು ಸಂತೋಷ ಸಿಕ್ಕಿದ್ದು ಅಲ್ಲಿಯೇ.

ಹಿಂದಿರುಗುವಾಗ ಪೋರ್ಟೊಬೆಲ್ಲೊ ಊರಿನ ದಾರಿಯಲ್ಲಿ ಸಿಕ್ಕ ಸಣ್ಣ ಅಂಗಡಿಯೊಂದರಲ್ಲಿ ಈ ಸೀಮೆಯ ವಿಶೇಷವಾದ ಚೀಸ್ ರೋಲ್ ತಿಂದೆವು. ಚೀಸ್ ಮತ್ತು ಈರುಳ್ಳಿಯ ಮಿಶ್ರಣವನ್ನು ಬ್ರೆಡ್ಡಿಗೆ ದಪ್ಪಗೆ ಹಚ್ಚಿ, ಸುರುಳಿ ಸುತ್ತಿ, ಗರಿಗರಿಯಾಗುವಂತೆ ಸುಟ್ಟು, ಮೇಲೆ ಬೆಣ್ಣೆ ಸವರಿ ಕೊಡುತ್ತಾರೆ. ಗಾಳಿಗೆ ಮರಗಟ್ಟಿದ ಕೈಗಳಿಗೆ ಅದರ ಬಿಸಿಯೇ ಒಂದು ಉಪಚಾರ. ನಗರದ ಹೋಟೆಲಿನಲ್ಲಿ ತೆತ್ತ ದುಡ್ಡಿಗೆ ಹೋಲಿಸಿದರೆ ಬೆಲೆ ಅತ್ಯಲ್ಪ, ರುಚಿ ಎಷ್ಟೋ ಮೇಲು. ನಾವು ಎರಡನೆಯ ಸಲ ತರಿಸಿಕೊಂಡೆವು.

ನಗರ ಸಾರಿಗೆಯ ಬಸ್ಸು ಭೂಶಿರದವರೆಗೆ ಹೋಗುವುದಿಲ್ಲವಾದ್ದರಿಂದ ಕಾರು ಹಿಡಿಯುವುದೇ ಲೇಸು. ದಸರಾ ರಜೆಯಲ್ಲಿ ಹೊರಡುವ ಯೋಚನೆಯಿದ್ದವರಿಗೆ ಮುಖ್ಯವಾಗಿ ಹೇಳಬೇಕಾದ ಮಾತೊಂದಿದೆ: ಹಕ್ಕಿಗಳು ಜೋಡಿಯಾಗಿ ಗೂಡಿಗೆ ಒಗ್ಗಿಕೊಳ್ಳುವ ಆ ಅವಧಿಯಲ್ಲಿ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಕೊನೆಯ ವಾರದವರೆಗೆ, ವೀಕ್ಷಣಾಲಯ ಮುಚ್ಚಿರುತ್ತದೆ. ಮರಿಯನ್ನು ನೋಡಲು ಬಯಸುವವರು ಫೆಬ್ರವರಿಯ ನಂತರ, ಹವಾಮಾನ ವರದಿಯಲ್ಲಿ ಗಾಳಿಯ ವೇಗ ನೋಡಿಕೊಂಡು, ಮಧ್ಯಾಹ್ನದ ಮೇಲಿನ ಹೊತ್ತಿಗೆ ಟಿಕೆಟ್ ಕಾದಿರಿಸಬೇಕು.