ಶ್ರುತಿಪೆಟ್ಟಿ ಆಫ್ ಮಾಡದೆ ನುಡಿಸಿದ ಆರ್ಪೆಜಿಯೊ

ಭಾವಗೀತೆಗೆ ಗಿಟಾರ್ ನುಡಿಸುವವರಿಗೆ ಸಾಮಾನ್ಯವಾಗಿ ಸಿಗುವ ಕೆಲಸ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಹಿಡಿದು ಲಯ ಕೊಡುವುದು. ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಬರುವ ಬಿಟ್, ಅಂದರೆ ವಾದ್ಯದ ಚಿಕ್ಕ ತುಣುಕು, ಕೊಳಲಿಗೋ ಕೀಬೋರ್ಡಿಗೋ ಹೋಗುತ್ತದೆ. ಆ ಭಾನುವಾರ ನಮ್ಮ ಕೊಳಲಿನವರು ಊರಲ್ಲಿರಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಅಕ್ಕನ ಮನೆಯಲ್ಲೇ ನಮ್ಮ ರಿಹರ್ಸಲ್. ಹಾಡುವವರು ಅವರೇ, ನಾವು ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು. "ಈ ಬಿಟ್ ನೀನೇ ನುಡಿಸಿಬಿಡು" ಅಂದರು.

ಹಾಡಿಗೆ ರಾಗ ಹಾಕಿದ್ದು ಅವರೇ. ಹಂಸಧ್ವನಿ. ಅವರ ಶ್ರುತಿ ಜಿ, ಅಂದರೆ ಅವರ ಸ ಗಿಟಾರಿನ ಜಿ. ನಾನು ಜಿ ಮೇಜರ್ ಕಾರ್ಡ್ ಹಿಡಿದು, ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಮೀಟಿದೆ. ಇದಕ್ಕೇ ಆರ್ಪೆಜಿಯೊ ಅನ್ನುವುದು. ಜಿ, ಬಿ, ಡಿ. ಅಂದರೆ ಸ, ಗ, ಪ. ಮೇಲಕ್ಕೆ ಹೋಗಿ ಕೆಳಗೆ ಬಂದೆ. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅಂದರು, "ಚೆನ್ನಾಗಿದೆ. ಆದ್ರೆ ಇದು ಹಂಸಧ್ವನಿನೇ ಯಾಕಾಗ್ಬೇಕು? ಮೋಹನನೂ ಆಗಬಹುದು, ಬಿಲಹರಿನೂ ಆಗಬಹುದು, ಅಲ್ವಾ?"

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸ, ಗ, ಪ ಮೂರೂ ಶಂಕರಾಭರಣದಲ್ಲಿವೆ, ಕಲ್ಯಾಣಿಯಲ್ಲಿವೆ, ಮೋಹನದಲ್ಲೂ ಇವೆ. ಅಷ್ಟನ್ನೇ ಕೇಳಿದವರಿಗೆ ಯಾವ ಊರಿಗೆ ಬಂದಿದ್ದೇವೆ ಅಂತ ಗೊತ್ತಾಗುವುದಿಲ್ಲ. ಹಂಸಧ್ವನಿಯಲ್ಲಿ ಮ ಮತ್ತು ದ ಇಲ್ಲ. ಇರುವುದು ಸ, ರಿ, ಗ, ಪ, ನಿ. ಸ, ಗ, ಪ ತೆಗೆದರೆ ಉಳಿಯುವುದು ನಿ ಮತ್ತು ರಿ. ಬಣ್ಣ ಇರುವುದು ಆ ಎರಡರಲ್ಲೇ. ಸ ಅನ್ನು ಒಂದು ಅಂತ ಇಟ್ಟು ಎಣಿಸುವ ಗಿಟಾರ್ ಲೆಕ್ಕದಲ್ಲಿ ನಿ ಅಂದರೆ ಮೇಜರ್ ಸೆವೆಂತ್, ಮೇಲಿನ ರಿ ಅಂದರೆ ನೈನ್ತ್.

ಗಿಟಾರ್ ಕಲಿಯುವಾಗ ನಮಗೆ ಆರ್ಪೆಜಿಯೊ ಅಂದರೆ ಬೆರಳಿನ ಕಸರತ್ತು. ಇಟಲಿಯ ಮೌರೊ ಜೂಲಿಯಾನಿ ವಿಯೆನ್ನಾದಲ್ಲಿದ್ದಾಗ ಬಲಗೈಗೆ ಅಂತಲೇ 120 ಪಾಠಗಳನ್ನು ಬರೆದ. ಪ್ರಕಟವಾಗಿದ್ದು 1812ರಲ್ಲಿ. ಇವತ್ತಿಗೂ ಕ್ಲಾಸಿಕಲ್ ಗಿಟಾರ್ ಮೇಷ್ಟ್ರುಗಳು ಅದನ್ನೇ ಕೊಡುತ್ತಾರೆ. ಅಷ್ಟೂ ಪಾಠಗಳಲ್ಲಿ ಇರುವುದು ಎರಡೇ ಕಾರ್ಡ್: ಸಿ ಮೇಜರ್ ಮತ್ತು ಜಿ ಸೆವೆಂತ್. ಬೆರಳಿನ ಮೇಲೆ ಮಾತ್ರ ಗಮನ ಇರಲಿ ಅಂತ ಹಾಗೆ ಮಾಡಿದ್ದು. ಬೆರಳಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಆದರೆ ಕಿವಿಗೆ ಬೇರೆ ಪಾಠ ಬೇಕು.

ಎಕ್ಸ್‌ಟೆಂಡೆಡ್ ಆರ್ಪೆಜಿಯೊ ಅನ್ನುವುದು ಆ ಇನ್ನೊಂದು ಪಾಠ. ಮೂರು ಸ್ವರಕ್ಕೆ ನಿಲ್ಲಿಸದೆ ಒಂದು ಸ್ವರ ಬಿಟ್ಟು ಒಂದು ಹಿಡಿಯುತ್ತಾ ಮೇಲೆ ಹೋಗುತ್ತಲೇ ಇರುವುದು. ಸ, ಗ, ಪ, ನಿ, ಮೇಲಿನ ರಿ. ರಾಗದಲ್ಲಿ ಏಳೂ ಸ್ವರ ಇದ್ದರೆ ಮ, ದ ತನಕ ಹೋಗಬಹುದು. ಹಂಸಧ್ವನಿಯ ವಿಶೇಷ ಏನೆಂದರೆ ಅದರ ಐದು ಸ್ವರಗಳನ್ನು ಹೀಗೆ ಜೋಡಿಸಿದರೆ ಒಂದೂ ಹೆಚ್ಚಿಲ್ಲದೆ, ಒಂದೂ ಕಮ್ಮಿಯಿಲ್ಲದೆ, ಜಾಝ್‌ನಲ್ಲಿ ಬಳಸುವ ಜಿ ಮೇಜರ್ ನೈನ್ತ್ ಕಾರ್ಡ್ ಆಗುತ್ತದೆ. ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಸೃಷ್ಟಿಸಿದ ರಾಗ ಅಂತ ಹೇಳುತ್ತಾರೆ ಇದನ್ನು. ಅವರಿಗೂ ಜಾಝ್ ಕಾರ್ಡಿಗೂ ಸಂಬಂಧ ಇಲ್ಲ. ಆದರೂ ಗಿಟಾರ್ ಹಿಡಿದವರಿಗೆ ಈ ರಾಗ ಎಷ್ಟು ಹತ್ತಿರ ಅಂತ ಅವತ್ತು ನನಗೆ ಗೊತ್ತಾಯಿತು.

ಅಕ್ಕ ಕಾಫಿ ಮಾಡಲು ಒಳಗೆ ಹೋದರು. ಶ್ರುತಿಪೆಟ್ಟಿ ಹಾಗೇ ಓಡುತ್ತಿತ್ತು, ಸ-ಪ-ಸ ಅಂತ. ಸ ಹೇಗೂ ಪೆಟ್ಟಿಯಲ್ಲಿದೆ, ನಾನ್ಯಾಕೆ ಮತ್ತೆ ನುಡಿಸಬೇಕು ಅಂತ ಅನ್ನಿಸಿತು. ಗಾಂಧಾರದಿಂದ ಶುರು ಮಾಡಿದೆ: ಗ, ಪ, ನಿ, ರಿ. ಅಂದರೆ ಬಿ, ಡಿ, ಎಫ್ ಶಾರ್ಪ್, ಎ. ಎಲ್ಲಾ ಗಿಟಾರಿಸ್ಟುಗಳಿಗೂ ಗೊತ್ತಿರುವ ಬಿ ಮೈನರ್ ಸೆವೆಂತ್. ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ನಾಲ್ಕನೇ ತಂತಿಯ ಒಂಬತ್ತನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ), ಮೂರನೇ ತಂತಿಯ ಏಳು, ಎರಡನೇ ತಂತಿಯ ಏಳು, ಅದೇ ತಂತಿಯಲ್ಲಿ ಹತ್ತು. ಬಿ ಸ್ವರವನ್ನೇ ಬೇಸ್ (ಕೆಳಗಿನ ಆಧಾರ ಸ್ವರ) ಇಟ್ಟುಕೊಂಡು ನುಡಿಸಿದರೆ ಇದು ಸ್ವಲ್ಪ ಮಂಕಾಗಿರುವ ಮೈನರ್ ಕಾರ್ಡ್. ಕೆಳಗೆ ಜಿ ಶ್ರುತಿ ಇದ್ದಾಗ ಅದರ ಮಂಕೆಲ್ಲಾ ಹೋಗಿ ಬೆಳಕಾಯಿತು. ಸ್ವರ ಅವೇ, ಬೆರಳು ಅಲ್ಲೇ. ಬದಲಾಗಿದ್ದು ಕೆಳಗಿನ ನೆಲ ಮಾತ್ರ.

ಅಡುಗೆಮನೆಯಿಂದಲೇ ಕೂಗಿದರು, "ಅದೇ, ಅದೇ! ಅದನ್ನ ಬಿಡಬೇಡ."

ಕಾಫಿ ಇಟ್ಟು ಕೂತ ಮೇಲೆ ಇನ್ನೊಂದು ಸಲ ನುಡಿಸು ಅಂದರು. ನುಡಿಸಿದೆ, ಈ ಸಲ ಸ್ವಲ್ಪ ವೇಗವಾಗಿ. "ಸ್ವರ ಎಲ್ಲಾ ಬಂತು. ಆದ್ರೆ ಓಡ್ತಾ ಇದೀಯ. ದಾಟು ವರಸೆ ಹೇಳಿದ ಹಾಗಾಯ್ತು" ಅಂದರು. ಸಂಗೀತ ಪಾಠದ ಮೊದಲ ವರ್ಷದಲ್ಲಿ ಸರಳೆ, ಜಂಟಿ ಆದಮೇಲೆ ಬರುವ ದಾಟು ವರಸೆಯಲ್ಲಿ ಮಕ್ಕಳು ಸ್ವರ ದಾಟಿ ದಾಟಿ ಹಾಡುವುದನ್ನು ಕಲಿಯುತ್ತಾರೆ. ಅದು ಅಭ್ಯಾಸ. ಹಾಡಿನೊಳಗೆ ಬಂದಾಗ ಯಾವ ಸ್ವರದಲ್ಲಿ ನಿಲ್ಲಬೇಕು ಅನ್ನುವುದೇ ದೊಡ್ಡದು.

ಅವರು ಹಾಡಿ ತೋರಿಸಿದರು. ಗ, ಪ ಹಗುರವಾಗಿ ಮುಟ್ಟಿ ನಿಷಾದದಲ್ಲಿ ಒಂಚೂರು ತಡೆದು, ಅಲ್ಲಿಂದ ಮೇಲಿನ ರಿಷಭಕ್ಕೆ ಜಾರಿ, ಅಲ್ಲೇ ನಿಂತರು. ಸ ಬರುತ್ತೆ ಅಂತ ಕಾಯುವ ಹಾಗೆ. ಗಿಟಾರಿನಲ್ಲಿ ಇದನ್ನು ತರುವುದು ಹೇಗೆ? ನಿ ಮತ್ತು ರಿ ಎರಡೂ ಎರಡನೇ ತಂತಿಯಲ್ಲೇ ಇದ್ದವು, ಏಳರಲ್ಲಿ ಮತ್ತು ಹತ್ತರಲ್ಲಿ. ಹಾಗಾಗಿ ಎರಡನೇ ಸಲ ಮೀಟುವ ಅಗತ್ಯವೇ ಇರಲಿಲ್ಲ. ಏಳರಲ್ಲಿ ಒಂದು ಸಲ ಮೀಟಿ, ಬೆರಳು ಎತ್ತದೆ ಹತ್ತಕ್ಕೆ ಎಳೆದೆ. ದಾರಿಯಲ್ಲಿ ಎಂಟನೇ ಫ್ರೆಟ್ಟಿನ ಸ ಸುಮ್ನೆ ಹಾದು ಹೋಯಿತು. ಜಾರು ಅಂತ ನಮ್ಮವರು ಕರೆಯುವ ಗಮಕಕ್ಕೆ ಇದು ತುಂಬಾ ಹತ್ತಿರ. ಪೂರ್ತಿ ಅದೇ ಅಲ್ಲ. ಫ್ರೆಟ್ ಇರುವ ವಾದ್ಯದಲ್ಲಿ ಜಾರುವಾಗ ಮೆಟ್ಟಿಲು ಕೇಳಿಸುತ್ತದೆ. ಬೆರಳಿನ ಒತ್ತಡ ಅರ್ಧ ಸಡಿಲ ಮಾಡಿದರೆ ಆ ಮೆಟ್ಟಿಲು ಮೆತ್ತಗಾಗುತ್ತದೆ.

ಬಲಗೈಯನ್ನೂ ಬದಲಾಯಿಸಿದೆ. ಗ ಮತ್ತು ಪ ಸ್ವರಗಳನ್ನು ಗಿಟಾರಿನ ತೂತಿನ ಮೇಲೆ, ಬೆರಳಿನ ಮಾಂಸದಿಂದ ಮೀಟಿದೆ. ನಿಷಾದಕ್ಕೆ ಮಾತ್ರ ಸ್ವಲ್ಪ ಉಗುರು. ನಾಲ್ಕು ಸ್ವರವೂ ಒಂದೇ ಜೋರಿನಲ್ಲಿ ಬಂದರೆ ಕೇಳುವವರಿಗೆ ಕಾರ್ಡ್ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಇದು ನನ್ನ ಗಟ್ಟಿ ನಂಬಿಕೆ. ಈಗ ವೀಡಿಯೋಗಳಲ್ಲಿ ಆರ್ಪೆಜಿಯೊ ಅಂದ ತಕ್ಷಣ ತಂತಿಗಳನ್ನು ಒಂದೇ ಎಳೆತದಲ್ಲಿ ಗುಡಿಸಿದ ಹಾಗೆ ಮೀಟುವ ಸ್ವೀಪ್ ಪಿಕಿಂಗ್, ಎಷ್ಟು ವೇಗ ಅನ್ನುವುದೇ ಜಾಸ್ತಿ. ವೇಗ ಬೇಡ ಅಂತಲ್ಲ. ಆದರೆ ಸೆವೆಂತ್, ನೈನ್ತ್ ಅಂತ ಕಷ್ಟಪಟ್ಟು ಮೇಲೆ ಹತ್ತಿದ ಮೇಲೆ ಅಲ್ಲಿ ನಿಲ್ಲದೆ ಇಳಿದು ಬಂದರೆ ಹತ್ತಿದ್ದು ಯಾಕೆ?

ಅಷ್ಟೊತ್ತಿಗೆ ಕೀಬೋರ್ಡ್ ಹುಡುಗ ಬಂದ. ಅವನಿಗೆ ವಿಷಯ ಹೇಳಿದ್ದೇ ತಡ, ಶ್ರುತಿಪೆಟ್ಟಿ ನಿಲ್ಲಿಸಿ ಎಡಗೈಯಲ್ಲಿ ಬೇರೆ ಬೇರೆ ಬೇಸ್ ಹಿಡಿಯತೊಡಗಿದ. ನಾನು ಅದೇ ಬಿ, ಡಿ, ಎಫ್ ಶಾರ್ಪ್, ಎ ನುಡಿಸುತ್ತಲೇ ಇದ್ದೆ. ಅವನು ಇ ಹಿಡಿದಾಗ, ಅಲ್ಲಿಂದ ಎಣಿಸಿದರೆ, ಇವು ಐದನೆಯದು, ಏಳನೆಯದು, ಒಂಬತ್ತನೆಯದು, ಹನ್ನೊಂದನೆಯದು. ಕತ್ತಲಾದ ಮೇಲೆ ಒಬ್ಬರೇ ನಡೆಯುವಂಥ ಮೂಡ್ ಬಂತು. ಸಿ ಹಿಡಿದಾಗ ಏಳು, ಒಂಬತ್ತು, ಶಾರ್ಪ್ ಹನ್ನೊಂದು, ಹದಿಮೂರು. ಅಕ್ಕ ತಟ್ಟನೆ ಕತ್ತೆತ್ತಿ, "ಕಲ್ಯಾಣಿ!" ಅಂದರು. ಸರಿಯಾಗೇ ಹೇಳಿದ್ದರು. ಸಿ ಅನ್ನು ಸ ಅಂತ ಇಟ್ಟುಕೊಂಡರೆ ನಾನು ನುಡಿಸುತ್ತಿದ್ದದ್ದು ನಿ, ರಿ, ಪ್ರತಿ ಮಧ್ಯಮ (ಏರಿಸಿದ ಮ) ಮತ್ತು ದ. ಹುಡುಗ ನಮ್ಮ ಬಿಟ್‌ನ ಕೊನೆಗೆ ಆ ಸಿ ಬೇಸ್ ಹಾಕೋಣ ಅಂತ ಹಟ ಹಿಡಿದ. ಅಕ್ಕ ಬೇಡವೇ ಬೇಡ ಅಂದರು. ಹಾಡಿನ ಸ ಜಿ ಆಗಿರುವಾಗ ಸಿ ಅಂದರೆ ಶುದ್ಧ ಮಧ್ಯಮ. ಹಂಸಧ್ವನಿಯಲ್ಲಿ ಅದಕ್ಕೆ ಜಾಗ ಇಲ್ಲ. ನನಗೂ ಅದೇ ಸರಿ ಅನ್ನಿಸಿತು. ಕಾರ್ಡ್ ಎಷ್ಟೇ ಚೆಂದ ಇರಲಿ, ರಾಗ ಹಾಕಿದವರ ಮಾತೇ ಕೊನೆ.

ಕೊನೆಗೆ ಬಿಟ್ ಹೀಗೆ ನಿಂತಿತು. ಶುರುವಿಗೆ ಒಂದು ಬಿಡಿಸಿದ ಕಾರ್ಡ್: ಆರನೇ ತಂತಿಯ ಮೂರನೇ ಫ್ರೆಟ್, ಐದನೇ ತಂತಿ ಮುಟ್ಟುವುದಿಲ್ಲ, ನಾಲ್ಕನೆಯದು ಖಾಲಿ, ಮೂರನೆಯದರಲ್ಲಿ ಎರಡು, ಎರಡನೆಯದು ಖಾಲಿ, ಮೊದಲನೆಯದರಲ್ಲಿ ಎರಡು. ಸ, ಪ, ರಿ, ಗ, ನಿ ಬರುತ್ತವೆ. ಇದರಲ್ಲಿ ರಿ ಮತ್ತು ಗ ಅಕ್ಕಪಕ್ಕದ ತಂತಿಗಳಲ್ಲಿ ಒಟ್ಟಿಗೆ ಮೊಳಗುತ್ತವೆ. ಅಷ್ಟು ಹತ್ತಿರದ ಎರಡು ಸ್ವರ ಗಿಟಾರಿನಲ್ಲಿ ಒಟ್ಟಿಗೆ ಸಿಗುವುದು ಕಮ್ಮಿ. ಖಾಲಿ ತಂತಿ ಇರುವುದರಿಂದ ಇಲ್ಲಿ ಸುಲಭವಾಗಿ ಸಿಕ್ಕಿತು. ಅದರ ಬೆನ್ನಿಗೇ ಗ, ಪ, ನಿ, ಜಾರಿ ಮೇಲಿನ ರಿ. ರಿಷಭದಲ್ಲಿ ನಿಂತು ಬಿಡುವುದು. ಸ ನಾನು ನುಡಿಸುವುದಿಲ್ಲ. ಅಕ್ಕನ ಚರಣ ಶುರುವಾಗುವುದೇ ಸ ಇಂದ, ಅವರೇ ಬಂದು ಅದನ್ನು ಮುಟ್ಟುತ್ತಾರೆ. ತಬಲಾದವರು ಬಂದ ಮೇಲೆ ಅವರಿಗೆ ಇಷ್ಟೇ ಹೇಳಿದೆವು: ಅಲ್ಲಿ ಏನೂ ಬಾರಿಸಬೇಡಿ, ಖಾಲಿ ಬಿಡಿ.

ಈಗ ಮುಂದಿನ ಹಾಡಿಗೆ ಕೂತಿದ್ದೇವೆ. ಅದು ಖರಹರಪ್ರಿಯ, ಶ್ರುತಿ ಅದೇ ಜಿ. ಏಳೂ ಸ್ವರ ಇರುವುದರಿಂದ ಆರ್ಪೆಜಿಯೊದ ಏಣಿ ಹದಿಮೂರನೇ ಸ್ವರದ ತನಕ ಹೋಗುತ್ತದೆ. ಬಿ ಫ್ಲಾಟ್ ಮೇಜರ್ ಸೆವೆಂತ್ ನುಡಿಸಿದರೆ ಗ, ಪ, ನಿ, ರಿ. ಡಿ ಮೈನರ್ ಸೆವೆಂತ್ ಆದರೆ ಪ, ನಿ, ರಿ, ಮ. ಎಫ್ ಮೇಜರ್ ಸೆವೆಂತ್ ಆದರೆ ನಿ, ರಿ, ಮ, ದ. ಮೊದಲಿನ ಎರಡು ಹಾಡಿಗೆ ಚೆನ್ನಾಗಿ ಕೂತಿವೆ. ಮೂರನೆಯದು ಮಾತ್ರ ಶ್ರುತಿಯಿಂದ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ ಅಂತ ಅಕ್ಕನ ಅಭಿಪ್ರಾಯ. ನನಗೆ ಆ ದೂರವೇ ಇಷ್ಟ. ಬರುವ ಭಾನುವಾರ ಕೊಳಲಿನವರು ಬರುತ್ತಾರೆ, ಅವರನ್ನೂ ಕೇಳಬೇಕು.