ಹಳೇ ರೇಷ್ಮೆ ಸೀರೆ ಕತ್ತರಿಸಿ ಕುರ್ತಾ ಹೊಲಿಸಲಾ?

ನನಗೆ ಹೊಲಿಗೆ ಬರುತ್ತದೆ ಎಂದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. "ಬೀರು ತುಂಬ ರೇಷ್ಮೆ ಸೀರೆ ಇದೆ. ಮದುವೆಯದ್ದು, ಸೀಮಂತದ್ದು, ಗೃಹಪ್ರವೇಶದ್ದು. ಉಡೋದೇ ಇಲ್ಲ. ಕತ್ತರಿಸಿ ಕುರ್ತಾ ಹೊಲಿಸಿಬಿಡ್ಲಾ?"

ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ರವಿಕೆ ಆಗುತ್ತಾ?

ಎಷ್ಟೋ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಸೀರೆ ಕೊಂಡಾಗ ಐದೂವರೆ ಮೀಟರ್ ಇತ್ತು, ಈಗಲೂ ಅಷ್ಟೇ ಇದೆ. ಮೈ ತುಂಬಿಕೊಂಡರೆ ಒಂದು ನೆರಿಗೆ ಕಡಿಮೆಯಾಗಬಹುದು. ಬಿಗಿಯಾಗಿದ್ದು, ಹಳೇ ಫ್ಯಾಷನ್ ಆಗಿದ್ದು ರವಿಕೆ. ಎರಡನ್ನೂ ಒಟ್ಟಿಗೆ ಮಡಚಿ ಇಡುತ್ತೇವಲ್ಲ, ಹಾಗಾಗಿ ರವಿಕೆಯ ತಪ್ಪಿಗೆ ಸೀರೆಗೆ ಶಿಕ್ಷೆ.

ಮೊದಲು ರವಿಕೆಯನ್ನು ಒಳಗು ಹೊರಗು ಮಾಡಿ ನೋಡಿ. ಒಳ್ಳೆ ಟೈಲರ್ ಆಗಿದ್ದರೆ ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಬಿಟ್ಟಿರುತ್ತಾರೆ. ಮುಂಭಾಗ, ಹಿಂಭಾಗ ಎರಡರಲ್ಲೂ ಎರಡೂ ಪಕ್ಕಕ್ಕೆ ಅರ್ಧರ್ಧ ಇಂಚು ಬಿಚ್ಚಿದರೆ ಸಾಕು, ಸುತ್ತಳತೆ ಎರಡು ಇಂಚು ಹೆಚ್ಚುತ್ತದೆ. ಹಳೇ ಹೊಲಿಗೆಯ ಗೆರೆ ಕಾಣುತ್ತದೆ, ನಿಜ. ಆದರೆ ಅದು ಇರುವುದು ತೋಳಿನ ಕೆಳಗೆ, ಯಾರು ನೋಡುತ್ತಾರೆ? ಬಟ್ಟೆ ಬಿಟ್ಟಿಲ್ಲದಿದ್ದರೆ ತೋಳಿನ ಅಡಿಯಿಂದ ಸೊಂಟದವರೆಗೆ ಅದೇ ಬಣ್ಣದ ಒಂದು ಪಟ್ಟಿ ಸೇರಿಸಬಹುದು.

ಅದೂ ಆಗದಿದ್ದರೆ ಮ್ಯಾಚಿಂಗ್ ಹುಡುಕುವುದನ್ನು ಬಿಡಿ. ಅದೇ ಹಸಿರು ಬೇಕು ಅಂತ ಚಿಕ್ಕಪೇಟೆ ಪೂರ್ತಿ ಸುತ್ತಿದರೂ ಒಂದು ಛಾಯೆ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಅದರ ಬದಲು ಗುಳೇದಗುಡ್ಡದ ಖಣ ತನ್ನಿ, ರವಿಕೆಗೆಂದೇ ನೇಯುವ ಬಟ್ಟೆ ಅದು. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಗೆ ಖಣದ ಕುಬಸ ತೊಡುವುದು ಹಳೇ ರೂಢಿ. ಸಾದಾ ಮೈಸೂರು ಸಿಲ್ಕ್ ಮೇಲೂ ಅದು ಚೆನ್ನಾಗಿ ಒಪ್ಪುತ್ತದೆ. ಹೊಸ ಸೀರೆ ಅಂದುಕೊಳ್ಳುವವರೂ ಇದ್ದಾರೆ.

ಇನ್ನು ಕೆಲವರಿಗೆ ರವಿಕೆ ಸರಿ ಇದೆ, ಬದುಕೇ ಬದಲಾಗಿದೆ. ಬೆಳಗ್ಗೆ ಸ್ಕೂಟರ್, ಆಫೀಸ್, ಸಂಜೆ ಮಗುವಿನ ಟ್ಯೂಷನ್. ಕಂಚಿ ಸೀರೆ ಇದಕ್ಕೆಲ್ಲ ಭಾರ, ಒರಟು. ಮೈಸೂರು ಸಿಲ್ಕ್ ಬೇರೆ ಜಾತಿ. ನೂಲನ್ನು ಗಟ್ಟಿಯಾಗಿ ಹುರಿ ಮಾಡಿ ನೇಯ್ದ ಕ್ರೇಪ್ ಅದು. ಮೈಗೆ ಅಂಟಿ ಇಳಿಯುತ್ತದೆ, ಸುಲಭಕ್ಕೆ ಸುಕ್ಕಾಗುವುದಿಲ್ಲ. ಅದನ್ನು ಹಬ್ಬಕ್ಕೇ ಅಂತ ಎತ್ತಿಡಬೇಡಿ, ಆಫೀಸಿಗೇ ಉಡಿ. ಮಂಡಿ ನೋವಿರುವ ಅತ್ತೆಗೋ ಅಮ್ಮನಿಗೋ ಆದರೆ ನೆರಿಗೆ ಹಿಡಿದು, ಕೈಯಲ್ಲೇ ಉದ್ದುದ್ದ ಹೊಲಿಗೆ ಹಾಕಿ, ಸೊಂಟಕ್ಕೆ ಹುಕ್ ಕೊಡಿ. ಕತ್ತರಿ ಬೇಡವೇ ಬೇಡ. ಬೇಡವೆನಿಸಿದ ದಿನ ದಾರ ಎಳೆದರೆ ಮತ್ತೆ ಸೀರೆ.

ಇಷ್ಟಾದ ಮೇಲೂ ಕತ್ತರಿಸಲೇಬೇಕು ಅಂದರೆ, ಸೀರೆಯನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಮೊದಲು ಸೀಳುವುದು ಮಡಿಕೆಯ ಗೆರೆಯಲ್ಲೇ. ಅಲ್ಲಿ ಮೆಲ್ಲಗೆ ಎಳೆದು ನೋಡಿ. ಪರಕ್ ಎಂದರೆ ಅದು ಕುರ್ತಾಗೆ ಲಾಯಕ್ಕಿಲ್ಲ. ಭುಜ, ಕಂಕುಳಲ್ಲಿ ಒಂದೇ ಸಲಕ್ಕೆ ಹರಿಯುತ್ತದೆ. ಅಂಥದ್ದರ ಅಂಚು ಮಾತ್ರ ಬಿಚ್ಚಿ ಕಾಟನ್ ಸೀರೆಗೋ ದುಪಟ್ಟಾಕ್ಕೋ ಹಾಕಿ. ಕಾಟನ್ನನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿಕೊಳ್ಳಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಅಂಚು ಸುರುಟಿಕೊಳ್ಳುತ್ತದೆ.

ಬಟ್ಟೆ ಸ್ವಲ್ಪ ಗಟ್ಟಿ ಇದ್ದರೆ ಲಂಗ ಹೊಲಿಸಿ. ಸಡಿಲ ನೆರಿಗೆ, ಎಲ್ಲೂ ಎಳೆತ ಬೀಳುವುದಿಲ್ಲ. ಪೂರ್ತಿ ಗಟ್ಟಿ ಇದ್ದರೆ ಮಾತ್ರ ಕುರ್ತಾ, ಅದೂ ಸಡಿಲವಾಗಿ, ಒಳಗೆ ಕಾಟನ್ ಲೈನಿಂಗ್ ಕೊಟ್ಟು. ಸೀರೆಯ ಅಗಲವನ್ನೇ ಕುರ್ತಾದ ಉದ್ದ ಮಾಡಿಕೊಂಡರೆ ಅಂಚು ತಾನಾಗಿ ಕೆಳಗೆ ಬರುತ್ತದೆ.

ಅಂದಹಾಗೆ, ಬೀದಿಯಲ್ಲಿ "ಹಳೇ ರೇಷ್ಮೆ ಸೀರೆ" ಅಂತ ಕೂಗಿಕೊಂಡು ಬರುವವರಿಗೆ ಆತುರದಲ್ಲಿ ಕೊಡಬೇಡಿ. ಅವರಿಗೆ ಬೇಕಿರುವುದು ಜರಿಯೊಳಗಿನ ಬೆಳ್ಳಿ. ಮೈಸೂರು ಸಿಲ್ಕ್ ತಯಾರಿಸುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿ ತನ್ನ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ ಇದೆ ಎನ್ನುತ್ತದೆ. ಮೇಲೆ ಚೂರು ಚಿನ್ನ ಬೇರೆ. ಕೊಡುವುದೇ ಆದರೆ ನಾಲ್ಕು ಕಡೆ ವಿಚಾರಿಸಿ ಕೊಡಿ.

ಈ ರಿಪೇರಿಗೆಲ್ಲ ಒಳ್ಳೆ ಕಾಲ ಆಷಾಢ. ಮದುವೆಗಳಿರುವುದಿಲ್ಲ, ಟೈಲರ್ ಕೈ ಖಾಲಿ ಇರುತ್ತದೆ, ಹೊಲಿಗೆ ಬಿಚ್ಚುವ ಕಿರಿಕಿರಿ ಕೆಲಸಕ್ಕೂ ಒಪ್ಪಿಕೊಳ್ಳುತ್ತಾರೆ. ವರಮಹಾಲಕ್ಷ್ಮಿಗೆ ಎರಡು ದಿನ ಇದೆ ಅನ್ನುವಾಗ ಹಳೇ ರವಿಕೆ ಹಿಡಿದುಕೊಂಡು ಹೋದರೆ, ಯಾವ ಟೈಲರ್ ಆದರೂ ಬೈಯದೆ ಇನ್ನೇನು ಮಾಡುತ್ತಾರೆ!