ಮಾತು ಬರದ ಮಗುವಿನಲ್ಲಿ ನಾನು ಏನೇನು ನೋಡುತ್ತೇನೆ

ನಾನು ದಾವಣಗೆರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದ ಬರುವ ತಾಯಂದಿರು ಹೆಚ್ಚಾಗಿ ಹೇಳುವುದು ಒಂದೇ: "ಎರಡೂವರೆ ವರ್ಷ ಆಯ್ತು ಮೇಡಂ, ಇನ್ನೂ ಮಾತು ಬಂದಿಲ್ಲ." ಅಷ್ಟರಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿ ಆಗಿರುತ್ತದೆ. "ಅವರಪ್ಪಂಗೂ ತಡವಾಗೇ ಮಾತು ಬಂದಿದ್ದು" ಅಂತ ಅಜ್ಜಿ ಸಮಾಧಾನ ಹೇಳಿರುತ್ತಾರೆ. ಮಾತಿನ ಚಿಂತೆಗೆ ಬರುವುದರಿಂದ, ಆಟಿಸಂ (ಬೇರೆಯವರ ಜೊತೆ ಬೆರೆಯುವ, ಸಂವಹನ ಮಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಎಷ್ಟೋ ಮಕ್ಕಳನ್ನು ಮೊದಲು ನೋಡುವವರು ನಾವೇ.

ಡಬ್ಬಿಯಲ್ಲಿ ಮಂಡಕ್ಕಿ ಹಾಕಿ, ಮುಚ್ಚಳ ಬಿಗಿ ಮಾಡಿ, ಮಗುವಿನ ಮುಂದಿಟ್ಟು ಸುಮ್ನೆ ಕೂರುತ್ತೇನೆ. ಬರೀ ಮಾತು ತಡವಾದ ಮಗು ಸಾಮಾನ್ಯವಾಗಿ ಡಬ್ಬಿ ತಂದು ಕೊಡುತ್ತದೆ, ಬೆರಳು ತೋರಿಸುತ್ತದೆ, ನನ್ನ ಮುಖ ನೋಡಿ "ಊಂ ಊಂ" ಅನ್ನುತ್ತದೆ. ಈಚೆಗೆ ಬಂದ ಒಬ್ಬ ಹುಡುಗ ಅಮ್ಮನ ಮಣಿಕಟ್ಟು ಹಿಡಿದು, ಅವರ ಕೈಯನ್ನು ಎಳೆದು ಮುಚ್ಚಳದ ಮೇಲಿಟ್ಟ. ಅವರ ಮುಖ ನೋಡಲೇ ಇಲ್ಲ. ಹೆಸರು ಕರೆದರೆ ತಿರುಗಲಿಲ್ಲ, ಬಿಸ್ಕತ್ ಪ್ಯಾಕೆಟ್ ಸದ್ದಾದರೆ ತಕ್ಷಣ ತಿರುಗಿದ. ಹಾಗಂತ ಕಿವಿ ಪರೀಕ್ಷೆ ಬಿಡುವಂತಿಲ್ಲ. ಅದು ಮೊದಲು ಆಗಲೇಬೇಕು.

ಮಾತು ಬಂದ ಮಕ್ಕಳಲ್ಲಿ ಆಟಿಸಂ ಕಣ್ಣಿಗೆ ಬೀಳದೆ ಹೋಗುವುದು ಇನ್ನೂ ಜಾಸ್ತಿ. ಟಿವಿ ಜಾಹೀರಾತು ಪೂರ್ತಿ ಹೇಳುವ ಮಗು, ಬಾಯಾರಿದಾಗ ನೀರು ಕೇಳುವುದಿಲ್ಲ. "ನೀರು ಬೇಕಾ?" ಅಂದರೆ "ನೀರು ಬೇಕಾ?" ಅಂತಲೇ ವಾಪಸ್ ಹೇಳುತ್ತದೆ. ಮನೆಯವರು ಜಾಣ ಅಂತ ಖುಷಿಪಡುತ್ತಾರೆ. ಜಾಣನೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಮಾತನ್ನು ಇನ್ನೊಬ್ಬರ ಜೊತೆ ಬಳಸುವುದು ಬೇರೆ ವಿಷಯ ಅಲ್ವಾ?

ಒಂದೇ ಲಕ್ಷಣ ನೋಡಿ ಆಟಿಸಂ ಅನ್ನಬಾರದು. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್-ಆರ್ ಎಂಬ, ಆಟಿಸಂ ಸಾಧ್ಯತೆ ಇದೆಯೇ ಎಂದು ನೋಡುವ 20 ಪ್ರಶ್ನೆಗಳ ಪಟ್ಟಿ ಇದೆ. ಅದೂ ಸಂಶಯ ಹೇಳುತ್ತದೆ ಅಷ್ಟೇ. ಖಚಿತ ಮಾಡಲು ಮಕ್ಕಳ ವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್ ಎಲ್ಲರೂ ಸೇರಿ ನೋಡಬೇಕು. ನಾನು ಕಂಡಿದ್ದನ್ನು ಕಂಡ ಹಾಗೆ ಬರೆದು ಕಳಿಸುತ್ತೇನೆ: "ಅಮ್ಮನ ಕೈ ಹಿಡಿದು ಡಬ್ಬಿ ಮೇಲಿಟ್ಟ, ಬೆರಳು ತೋರಿಸಲಿಲ್ಲ." "ಸಂವಹನ ಕೊರತೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

"ಮೂರು ವರ್ಷ ಆಗಲಿ, ನೋಡೋಣ" ಅನ್ನುವ ಸಲಹೆ ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದು ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿಸದಿದ್ದರೆ, ಕಲಿತ ಮಾತು ನಿಂತುಹೋದರೆ ಕಾಯಬೇಡಿ. ಥೆರಪಿ ಶುರು ಮಾಡಲು ಆಟಿಸಂ ಇದೆ ಅನ್ನುವ ಸರ್ಟಿಫಿಕೇಟ್ ಬೇಕಿಲ್ಲ. ಆ ಹುಡುಗನ ಜೊತೆ ನಾವು ಅದೇ ವಾರ ಶುರು ಮಾಡಿದೆವು.